ಗರಗಸದ ಬಾಲ

ಮಾರ್ಚ್ 11, 1979, ಭಾನುವಾರ

ನಾನು ಬ್ಯೂಲಾ ನಿಕಲ್. ವಯಸ್ಸು ಎಪ್ಪತ್ತೊಂದು. ನೋವಾ ಸ್ಕೋಶಾದ ಡೀಲ್‌ಮನ್ ಕೊಲ್ಲಿಯಲ್ಲಿರುವ ನಿಕಲ್ ದೋಣಿ ಶೆಡ್ಡಿನ ಯಜಮಾನಿ. ಹೈಸ್ಕೂಲು ಮುಗಿಸಿದವಳು. ನನ್ನ ವಾರಗೆಯ ಹೆಂಗಸರಲ್ಲಿ ಹಾಗೆ ಹೇಳಿಕೊಳ್ಳಬಲ್ಲವರು ಈ ಕೊಲ್ಲಿಯಲ್ಲಿ ಇಬ್ಬರೇ ಇದ್ದೆವು, ಇನ್ನೊಬ್ಬಳು ತೀರಿಕೊಂಡಳು. ಗಂಡ ಓಟಿಸ್ ಹೋಗಿ ಹದಿಮೂರು ವರ್ಷವಾಯಿತು. ಆಗ ಊರಿನವರೆಲ್ಲ ಶೆಡ್ಡು ಮುಚ್ಚುತ್ತದೆ ಎಂದರು. ಮುಚ್ಚಲಿಲ್ಲ. ನಾನು ನೋಡದ ಒಂದು ಹಲಗೆಯೂ ಇಲ್ಲಿಂದ ನೀರಿಗೆ ಇಳಿದಿಲ್ಲ.

ಕೆಲಸದ ಸುರಕ್ಷತೆಯ ಇನ್ಸ್‌ಪೆಕ್ಟರು ಶುಕ್ರವಾರ ಬಂದಿದ್ದ. "ಮರೆಯೋಕೆ ಮುಂಚೆ ಎಲ್ಲ ಬರೆದಿಟ್ಕೊಳ್ಳಿ" ಎಂದ. ನಾನು ಏನನ್ನೂ ಮರೆಯುವವಳಲ್ಲ. ಆದರೂ ಬರೆಯುತ್ತೇನೆ, ಅವನಿಗಲ್ಲ, ನನಗೆ. ಅವನಿಗೆ ಹೇಳಿದ ಕ್ರಮದಲ್ಲೇ ಬರೆಯುತ್ತೇನೆ.

ನಾವು ಮಾಡುವುದು ಡೋರಿ ಎಂಬ ಚಪ್ಪಟೆ ತಳದ ಮೀನುದೋಣಿ. ತಳವೂ ಪಕ್ಕೆಯೂ ಸೇರುವ ಕಡೆ ಬಾಗಿದ ಮರ ಬೇಕು. ಬಾಗಿಸಿದ್ದಲ್ಲ, ಬಾಗಿ ಬೆಳೆದದ್ದು. ಹ್ಯಾಕ್‌ಮಟ್ಯಾಕ್ ಮರದ ಕಾಂಡ ಬೇರಾಗಿ ತಿರುಗುವ ಜಾಗವನ್ನು ಅಗೆದು ತಂದು ಸೀಳುತ್ತೇವೆ. ಅದಕ್ಕೆ ಮೊಣಕಾಲು ಎನ್ನುತ್ತೇವೆ. ಸೀಳುವುದು ಪಟ್ಟಿ ಗರಗಸದಲ್ಲಿ: ಮೇಲೊಂದು ಕೆಳಗೊಂದು ಚಕ್ರ, ಅವುಗಳ ಮೇಲೆ ಬೆಲ್ಟಿನಂತೆ ಸುತ್ತುವ ಹಲ್ಲಿನ ಪಟ್ಟಿ. ಪಟ್ಟಿ ತುಂಡಾಗುವ ಮುಂಚೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟರೆ ಸುತ್ತಿಗೊಮ್ಮೆ ಟಿಕ್ ಎನ್ನುತ್ತದೆ. ಮರ ದೂಡುವವನಿಗೆ ಅದು ಕೇಳಿಸದು. ಅದಕ್ಕೇ ಗರಗಸದ ಹಿಂದೆ ಒಬ್ಬರು ನಿಂತು ಕಿವಿಗೊಡಬೇಕು. ಆ ಜಾಗಕ್ಕೆ ಬಾಲ ಎಂದು ಹೆಸರು. ಬಾಲದಲ್ಲಿರುವವರು ಕೈಯೆತ್ತಿದರೆ ಗರಗಸ ನಿಲ್ಲಿಸಬೇಕು. ಮೂವತ್ತೊಂದು ವರ್ಷದಿಂದ ಆ ಜಾಗ ನನ್ನದು.

ಮಾರ್ಚ್ 6, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಮಗ ಲೋರ್ನ್ ಮರ ದೂಡುತ್ತಿದ್ದ. ಆಳು ವರ್ನನ್ ಮಾಸ್‌ಮನ್ ಎಂದಿನಂತೆ ಕೆಲಸವಿಲ್ಲದೆ ನನ್ನ ಬೆನ್ನ ಹಿಂದೆ ಕಂಬದ ಹಾಗೆ ನಿಂತಿದ್ದ. ಒಂದು ವರ್ಷದಿಂದ ಇದೇ ಅವನ ಚಾಳಿ. "ನಿಂತ್ಕೊಳ್ಳೋಕೆ ಸಂಬಳ ಕೊಡಲ್ಲ, ಹೋಗು, ಬೇರು ಒಳಗೆ ತಾ" ಎಂದು ಅಟ್ಟಿದೆ. ಅವನು ಹೋಗಿ ಹತ್ತು ನಿಮಿಷವಾಗಿರಬೇಕು. ಪಟ್ಟಿ ತುಂಡಾಯಿತು. ಮರ ಎಗರಿತು. ಲೋರ್ನನ ಎಡಗೈಯ ಕಿರುಬೆರಳು, ಉಂಗುರದ ಬೆರಳು ಹೋದವು. ಮೇಲಿನ ಚಕ್ರ ಕಳಚಿ ಬಿದ್ದು ಸೀಳಿಹೋಯಿತು.

ಟಿಕ್ ಎನ್ನಲಿಲ್ಲ. ಎಂದಿದ್ದರೆ ನನಗೆ ಕೇಳಿಸುತ್ತಿತ್ತು. ಸದ್ದಿಲ್ಲದೆ ಪಟ್ಟಿ ತುಂಡಾಗುವುದು ಒಂದೇ ಕಾರಣಕ್ಕೆ: ಬೇರಿನೊಳಗೆ ಕಲ್ಲು ಸಿಕ್ಕಿಕೊಂಡಿದ್ದರೆ. ಬೇರನ್ನು ಕೆತ್ತಿ, ತಂತಿ ಬ್ರಷ್ಷಿನಿಂದ ಉಜ್ಜಿ, ಕಲ್ಲು ತೆಗೆಯುವ ಕೆಲಸ ವರ್ನನ್‌ನದು. ಆ ಸಂಜೆಯೇ ಅವನನ್ನು ಮನೆಗೆ ಕಳಿಸಿದೆ. ಇಪ್ಪತ್ತಾರು ವರ್ಷ ಇದ್ದವನು. ಟೋಪಿ ಹಾಕಿಕೊಂಡು ಹೋದ, ಒಂದು ಮಾತಾಡಲಿಲ್ಲ. ತಪ್ಪಿಲ್ಲದವನು ಮಾತಾಡುತ್ತಾನೆ.

ಮರದ ಹೊಟ್ಟನ್ನೆಲ್ಲ ಜರಡಿ ಹಿಡಿದೆ. ಕಲ್ಲು ಸಿಗಲಿಲ್ಲ. ಎಲ್ಲಿಗಾದರೂ ಸಿಡಿದಿರಬೇಕು.

ಮಾರ್ಚ್ 14, ಬುಧವಾರ

ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಬಾಯೊಳಗೇ ಮಾತಾಡುತ್ತಾನೆ. ಲೋರ್ನನೂ ಹಾಗೇ, ಔಷಧದ ಮಂಪರು. ಎರಡು ಸಲ ಗದರಿದ ಮೇಲೆ ಗಟ್ಟಿಯಾಗಿ ಮಾತಾಡಿದ.

ಸಂಜೆ ಕೆಟಲ್ಲು ಸೀದು ತಳ ಕಪ್ಪಾಯಿತು. ಅದರ ಶಿಳ್ಳೆ ಕೆಟ್ಟಿದೆ. ಈಗಿನ ಸಾಮಾನೇ ಹೀಗೆ.

ಮಾರ್ಚ್ 19, ಸೋಮವಾರ

ಎರಕದ ಅಂಗಡಿಯವನು ಚಕ್ರ ನೋಡಿದ. ಬೆಸುಗೆ ನಿಲ್ಲುವುದಿಲ್ಲ ಎಂದ. ಈ ಮಾತು ಮಾತ್ರ ಸ್ಪಷ್ಟವಾಗಿ ಹೇಳಿದ.

ತರಬೇತಿ ಹಡಗಿಗೆ ಜೂನ್ ಕೊನೆಯೊಳಗೆ ಆರು ಡೋರಿ ಕೊಡಬೇಕು. ಎರಡು ಆಗಿವೆ. ಉಳಿದ ನಾಲ್ಕಕ್ಕೆ ಒಂದು ಮೊಣಕಾಲೂ ಸೀಳಿಲ್ಲ. ಕೈಗರಗಸ ಹಿಡಿದು ನಾನೇ ಕೂತೆ, ಒಂದಕ್ಕೆ ಅರ್ಧ ದಿನ ಹಿಡಿಯಿತು, ಅದೂ ಸೊಟ್ಟ. ಈ ಆರು ದೋಣಿ ಕೊಡದಿದ್ದರೆ ಮುಂದಿನ ವರ್ಷ ಯಾರೂ ಕೇಳುವುದಿಲ್ಲ. ಗರಗಸವಿಲ್ಲದಿದ್ದರೆ ಶೆಡ್ಡಿಲ್ಲ. ಅಷ್ಟೇ ವಿಷಯ.

ಬೆಳಗಿನ ತಿಂಡಿಯ ಹೊತ್ತಿಗೆ ಲೋರ್ನನ ಹೆಂಡತಿ ಬಾಯಿ ಬಿಟ್ಟಳು. ಗ್ಲೆಂಡಾ ಎಂದು ಹೆಸರು. ಪಡುವಣ ಕರಾವಳಿಯವಳು, ಮದುವೆಯಾಗಿ ಒಂಬತ್ತು ವರ್ಷ.

"ಅತ್ತೆ, ನಮ್ಮೂರ ಕಡೆ ಎಲ್‌ವುಡ್ ಕ್ರೋವೆಲ್ ಅಂತ ಇದ್ದಾರೆ. ಶೆಡ್ಡು ಮುಚ್ತಿದ್ದಾರಂತೆ. ಅವರ ಪಟ್ಟಿ ಗರಗಸ ಮಾರಾಟಕ್ಕಿದೆಯಂತೆ."

"ತಗಡಿನವರ ಗರಗಸ ನಮಗ್ಯಾಕೆ?"

"ಗರಗಸಕ್ಕೆ ತಗಡು ಯಾವುದು, ಬೇರು ಯಾವುದು ಅಂತ ಗೊತ್ತಿರುತ್ತಾ ಅತ್ತೆ?"

ಪಡುವಣದವರು ಬೇರು ಹುಡುಕುವ ಶ್ರಮ ಪಡುವುದಿಲ್ಲ. ಎರಡು ನೆಟ್ಟನೆ ಕಟ್ಟಿಗೆಯನ್ನು ತಗಡಿನ ಕೊಕ್ಕೆಯಿಂದ ಸೇರಿಸಿ ಅದನ್ನೇ ದೋಣಿ ಎನ್ನುತ್ತಾರೆ. ನಾವು ಅವರನ್ನು ತಗಡಿನವರು ಎನ್ನುತ್ತೇವೆ. ಅವರು ನಮ್ಮನ್ನು ಬೇರು ಅಗೆಯುವ ಹಂದಿಗಳು ಎನ್ನುತ್ತಾರಂತೆ. ಈ ಕಾರಣಕ್ಕೇ ಈ ಹುಡುಗಿಯನ್ನು ನಾನು ಶೆಡ್ಡಿನೊಳಗೆ ಸೇರಿಸಿಲ್ಲ. ಅಡುಗೆ ಚೆನ್ನಾಗಿ ಮಾಡುತ್ತಾಳೆ, ಸುಳ್ಳು ಹೇಳಬಾರದು.

ಮಾರ್ಚ್ 27, ಮಂಗಳವಾರ

ಲೋರ್ನ್ ಮನೆಗೆ ಬಂದ. ಕೈಗೆ ಬಿಳಿ ಬಟ್ಟೆ ಸುತ್ತಿದ್ದಾರೆ, ಬೊಂಬೆಯ ತಲೆಯಷ್ಟು ದಪ್ಪ. ಕ್ರೋವೆಲ್‌ನ ಗರಗಸ ನೋಡಲು ಹೋಗುತ್ತೇನೆ ಎಂದೆ. ಖುಷಿಪಡುತ್ತಾನೆ ಎಂದುಕೊಂಡಿದ್ದೆ.

"ಬೇಡಮ್ಮ."

"ಏನು ಬೇಡ?"

"ಗರಗಸ ಬೇಡ. ಶೆಡ್ಡು ಮುಚ್ಚೋಣ. ನಾನು ಮೀನಿನ ಕಾರ್ಖಾನೆಗೆ ಹೋಗ್ತೀನಿ, ಅಲ್ಲಿ ಎಂಟು ಬೆರಳು ಸಾಕು."

"ಹೆದರಿಬಿಟ್ಯಾ? ನಿಮ್ಮಪ್ಪನಿಗೆ ಮೂರು ಸಲ ಪೆಟ್ಟಾಗಿತ್ತು, ಮಾರನೇ ದಿನವೇ ಗರಗಸದ ಮುಂದೆ ನಿಂತಿದ್ದ."

"ನನಗೆ ಹೆದರಿಕೆ ಇಲ್ಲ. ಬಾಲದಲ್ಲಿ ಯಾರು ನಿಲ್ತಾರೆ ಹೇಳು."

"ಇದೆಂಥ ಪ್ರಶ್ನೆ? ನಾನಿದ್ದೀನಲ್ಲ!"

ಅವನು ನನ್ನ ಮುಖವನ್ನೇ ನೋಡಿದ. ಏನೋ ಹೇಳಲು ಹೋಗಿ ಹೆಂಡತಿಯ ಕಡೆ ತಿರುಗಿದ. ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಅವನು ಗೋಡೆಯ ಕಡೆ ಮಗ್ಗುಲಾದ. ನಲವತ್ತು ವರ್ಷದ ಗಂಡಸು! ಬೆರಳಿನ ಜೊತೆ ಧೈರ್ಯವೂ ಹೋಯಿತು. ನಾನು ಇನ್ನೂ ಬದುಕಿದ್ದೇನಲ್ಲ, ನೋಡಿಕೊಳ್ಳುತ್ತೇನೆ.

ಏಪ್ರಿಲ್ 3, ಮಂಗಳವಾರ

ಇಂದಿನದನ್ನು ಪೂರ್ತಿ ಬರೆಯಬೇಕು. ನಾಳೆ ಯಾರೂ ಇದನ್ನು ತಿರುಚಬಾರದು.

ಲೋರ್ನನ ಹೆಂಡತಿ ಪಿಕಪ್ ಓಡಿಸಿದಳು. ಎರಡೂವರೆ ತಾಸು. ಕ್ರೋವೆಲ್ ಎಂಬತ್ತರ ಹತ್ತಿರದ ಮನುಷ್ಯ, ಉದ್ದಕ್ಕೆ, ಒಣಗಿದ ಮೀನಿನಂತೆ. ಬಾಗಿಲಲ್ಲೇ ಶುರುಮಾಡಿದ.

"ಬನ್ನಿ ನಿಕಲಮ್ಮ, ಬನ್ನಿ. ಬೇರು ಅಗೆಯೋರು ತಗಡಿನ ಶೆಡ್ಡಿಗೆ ಕಾಲಿಟ್ರು! ಇವತ್ತು ಉಬ್ಬರ ಬರೋದೇ ಅನುಮಾನ."

"ಉಬ್ಬರದ ಚಿಂತೆ ನಿಮಗೆ ಬೇಡ. ಗರಗಸ ತೋರಿಸಿ."

"ತೋರಿಸ್ತೀನಿ. ಕೊಂಡ್ರೆ ಒಂದು ಡಬ್ಬ ಕೊಕ್ಕೆ ಬಿಟ್ಟಿ ಕೊಡ್ತೀನಿ. ಬೇರು ಸಿಗದ ವರ್ಷಕ್ಕಾಗುತ್ತೆ."

"ಕೊಕ್ಕೇನ ನಿಮ್ಮ ಪ್ಯಾಂಟಿಗೆ ಹಾಕ್ಕೊಳ್ಳಿ, ಜಾರ್ತಾ ಇದೆ."

ಅವನು ನಕ್ಕ. ಲೋರ್ನನ ಹೆಂಡತಿಯೂ ನಕ್ಕಳು, ಕೈ ಅಡ್ಡ ಹಿಡಿದುಕೊಂಡು.

ಗರಗಸ ನನಗಿಂತ ಎರಡು ಮೊಳ ಎತ್ತರ. ಎರಕದ ಕಬ್ಬಿಣ, ಹಸಿರು ಬಣ್ಣ ಅಲ್ಲಲ್ಲಿ ಎದ್ದಿದೆ. ಬಣ್ಣಕ್ಕೆ ನಾನು ಬೆಲೆ ಕೊಡುವವಳಲ್ಲ. ಚಕ್ರದ ಅಂಚಿಗೆ ಸೀಮೆಸುಣ್ಣ ತಾಗಿಸಿ ಕೈಯಿಂದ ತಿರುಗಿಸಿದೆ. ಗೆರೆ ಸುತ್ತಲೂ ಒಂದೇ ಸಮ ಬಿತ್ತು. ಚಕ್ರ ಓಲಾಡುವುದಿಲ್ಲ ಎಂದರ್ಥ. ಎರಡು ಕೈಯಲ್ಲಿ ಹಿಡಿದು ಎಳೆದೆ, ದೂಡಿದೆ. ಸಡಿಲವಿಲ್ಲ. ಚಕ್ರದ ರಬ್ಬರು ಹೊಸದು. ಮೇಜನ್ನು ಓರೆಮಾಡಿ ನಿಲ್ಲಿಸಿದರೆ ನಿಲ್ಲುತ್ತದೆ. ಬರೆಯಲು ಮನಸ್ಸಾಗುವುದಿಲ್ಲ, ಆದರೆ ಒಳ್ಳೆಯ ಯಂತ್ರ. ನಮ್ಮದಕ್ಕಿಂತ ಒಳ್ಳೆಯದು.

"ಓಡಿಸ್ತೀನಿ, ಕೇಳಿ" ಎಂದು ಕ್ರೋವೆಲ್ ಗುಂಡಿ ಒತ್ತಿದ. ಮರ ಇಡಲಿಲ್ಲ, ಖಾಲಿ ಓಡಿಸಿದ. ನಾನು ಬಾಲದಲ್ಲಿ ನಿಂತೆ. ಪಟ್ಟಿ ನೀರಿನ ಹಾಗೆ ಹರಿಯುತ್ತಿತ್ತು. ಬಾಗಿಲ ಬಳಿ ಇದ್ದ ಲೋರ್ನನ ಹೆಂಡತಿ ಎರಡು ಹೆಜ್ಜೆ ಮುಂದೆ ಬಂದು ಕೈ ಮೇಲೆತ್ತುವವಳಂತೆ ಮಾಡಿದಳು. ನಡುವೆ ಬಾಯಿ ಹಾಕುತ್ತಾಳೆ ಎಂದು ಸಿಟ್ಟಿನಿಂದ ಕಣ್ಣು ಬಿಟ್ಟೆ. ಕೈ ಇಳಿಸಿದಳು.

"ಹೇಗಿದೆ ನಿಕಲಮ್ಮ?"

"ಹಾಲು ಸುರಿದ ಹಾಗಿದೆ. ಒಂದು ಚೂರು ಸದ್ದಿಲ್ಲ."

ಕ್ರೋವೆಲ್ ಗರಗಸ ನಿಲ್ಲಿಸಿದ. ಅವನ ಮುಖದ ನಗು ಹೋಗಿತ್ತು. ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿ ಬೆರಳಿಟ್ಟು ತೋರಿಸಿದ. ಪಟ್ಟಿಯ ಹಿಂಬದಿಯಿಂದ ಹಲ್ಲಿನ ಕಡೆಗೆ ಅರ್ಧದಷ್ಟು ಬಿರುಕು. ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ನಿಮ್ಮಲ್ಲಿ ಬಾಲದಲ್ಲಿ ನಿಲ್ಲೋದು ಯಾರು?"

"ನಾನು. ಮೂವತ್ತೊಂದು ವರ್ಷದಿಂದ."

"ಹಾಗಾದ್ರೆ ನಿಮಗೆ ಮಾರಲ್ಲ."

ಕಿವಿ ಕೆಟ್ಟವಳ ಹಾಗೆ "ಏನು?" ಎಂದೆ. ಅವನು ಹತ್ತಿರ ಬಂದು ನಿಧಾನವಾಗಿ ಹೇಳಿದ. "ಮಾರೋಕಿಟ್ಟ ದಿನದಿಂದ ಈ ಸೀಳಿದ ಪಟ್ಟೀನೇ ಹಾಕಿಟ್ಟಿದ್ದೀನಿ ತಾಯಿ. ಕೊಳ್ಳೋಕೆ ಬಂದೋರ ಎದುರು ಖಾಲಿ ಓಡಿಸ್ತೀನಿ. ಯಾರಿಗೆ ಕೇಳಿಸುತ್ತೋ ಅವರ ಹತ್ರ ಮಾತ್ರ ಮುಂದಿನ ಮಾತು. ನಮ್ಮಪ್ಪ ಕುದುರೆ ಮಾರುವಾಗ ಕೊಳ್ಳೋನ ಕೈ ನೋಡ್ತಿದ್ದ, ಹಾಗೆ. ನನ್ನ ಗರಗಸ ಎಲ್ಲೋ ಹೋಗಿ ಯಾರದೋ ಕೈ ತಿಂದ್ರೆ ನನಗೆ ತುತ್ತು ಇಳಿಯಲ್ಲ. ಇದು ನಾಲ್ಕು ಮನೆಗೆ ಕೇಳಿಸೋ ಹಾಗೆ ಟಿಕ್ ಟಿಕ್ ಅಂತಿತ್ತು."

ಅವನು ಲೋರ್ನನ ಹೆಂಡತಿಯ ಕಡೆ ಗದ್ದ ಎತ್ತಿದ. "ಈ ಮಗಳಿಗೆ ಕೇಳಿಸ್ತು, ಕೈ ಎತ್ತಕ್ಕೆ ಹೋದ್ಲು. ಇವಳು ಬಾಲದಲ್ಲಿ ನಿಲ್ತಾಳೆ ಅನ್ನಿ, ನಾಳೇನೇ ಲಾರಿಗೆ ಹತ್ತಿಸ್ತೀನಿ."

"ನಿಕಲ್ ಶೆಡ್ಡಿನ ಬಾಲದಲ್ಲಿ ತಗಡಿನವರ ಮಗಳು ನಿಲ್ಲಲ್ಲ" ಎಂದೆ. ಅವಳ ಎದುರಿಗೇ ಎಂದೆ. ಅವಳು ಕೈಗವಸು ಸರಿಮಾಡಿಕೊಳ್ಳುತ್ತಾ ನಿಂತಿದ್ದಳು.

ಬರುವ ದಾರಿಯಲ್ಲಿ ಒಂದು ಕಡೆ ಪಿಕಪ್ ನಿಲ್ಲಿಸಿ ಫ್ಲಾಸ್ಕಿನ ಚಹಾ ಬಗ್ಗಿಸಿದಳು, ಎಂದಿನಂತೆ ಮೊದಲು ನನಗೆ. ಚಹಾ ಆರಿತ್ತು. ಕುಡಿದೆ.

ಏಪ್ರಿಲ್ 4, ಬುಧವಾರ

ಕೊಳ್ಳುವುದಿಲ್ಲ. ಅದು ಕಪಟ. ಬಿರುಕಿದ್ದದ್ದು ನಿಜ, ಸದ್ದಿರಲಿಲ್ಲ. ತಗಡಿನವರು ಇಬ್ಬರೂ ಸೇರಿ ಕಣ್ಣುಸನ್ನೆ ಮಾಡಿಕೊಂಡಿದ್ದಾರೆ. ಅವಳು ಅವರ ಪೈಕಿಯೇ ಅಲ್ಲವೇ.

ಏಪ್ರಿಲ್ 10, ಮಂಗಳವಾರ

ಹೊಸ ಗರಗಸ ಮಾರುವ ಪೇಟೆಯ ಅಂಗಡಿಗೆ ಫೋನು ಮಾಡಿದೆ. ಫೋನಿನಲ್ಲಿ ಆ ಹುಡುಗಿಯ ಮಾತು ಜೇನ್ನೊಣದ ಹಾಗೆ. ಮೂರು ಸಲ ಕೇಳಿದ ಮೇಲೆ ಲೋರ್ನನ ಹೆಂಡತಿಯ ಕೈಗೆ ಕೊಟ್ಟೆ. ಅಷ್ಟು ದೊಡ್ಡ ಗರಗಸ ಈಗ ತರಿಸಿದರೆ ಸೆಪ್ಟೆಂಬರಿಗೆ ಬರುತ್ತದಂತೆ. ದೋಣಿ ಕೇಳಿರುವುದು ಜೂನಿಗೆ.

ಕೈಗರಗಸದಲ್ಲಿ ಈವರೆಗೆ ಏಳು ಮೊಣಕಾಲು. ಅದರಲ್ಲಿ ಎರಡು ಒಲೆಗೆ.

ಏಪ್ರಿಲ್ 15, ಈಸ್ಟರ್

ಚರ್ಚಿನಲ್ಲಿ ಹೊಸ ಪಾದ್ರಿ ಪದಗಳ ಕೊನೆಯನ್ನೆಲ್ಲ ನುಂಗುತ್ತಾನೆ. ಉಪದೇಶದಲ್ಲಿ ಎಲ್ಲರೂ ನಕ್ಕರು, ಯಾಕೆಂದು ತಿಳಿಯಲಿಲ್ಲ. ನಾನೂ ತುಟಿ ಅರಳಿಸಿದೆ. ಆಮೇಲೆ ನನ್ನ ಮೇಲೇ ಸಿಟ್ಟು ಬಂತು.

ವರ್ನನ್ ಹಿಂದಿನ ಬೆಂಚಿನಲ್ಲಿದ್ದ. ಅವನಿಗೆ ಬೇರೆ ಕೆಲಸ ಸಿಕ್ಕಿಲ್ಲವಂತೆ. ಕಲ್ಲು ಬಿಟ್ಟವನನ್ನು ಯಾರು ತೆಗೆದುಕೊಳ್ಳುತ್ತಾರೆ? ಆ ಮಾತನ್ನು ಊರಿಗೆಲ್ಲ ಹೇಳಿದ್ದು ನಾನೇ.

ಏಪ್ರಿಲ್ 24, ಮಂಗಳವಾರ

ಬೆಚ್ಚಗಾಗುತ್ತಿದೆ. ರಾತ್ರಿಯೂಟ ಹೊತ್ತಿಗೆ ಮುಂಚೆಯೇ ಆಯಿತು, ಹೊರಗೆ ಇನ್ನೂ ಬೆಳಕಿತ್ತು. ಉಪ್ಪು ಮೀನು, ಆಲೂಗಡ್ಡೆ. ಗ್ಲೆಂಡಾ ಎದ್ದು ಕಿಟಕಿ ಮುಚ್ಚಿದಳು.

"ಯಾಕೆ ಮುಚ್ಚಿದೆ? ಗಾಳಿ ಬರ್ತಿತ್ತು."

"ಈ ಕಪ್ಪೆಗಳ ಗಲಾಟೇಲಿ ಮಾತೇ ಕೇಳಿಸಲ್ಲ ಅತ್ತೆ."

ಹಿತ್ತಿಲ ಹೊಂಡದಲ್ಲಿ ವಸಂತಕ್ಕೆ ಪುಟ್ಟ ಕಪ್ಪೆಗಳು ಕೂಗುತ್ತವೆ. ಬೆರಳುಗುರಿನಷ್ಟು ಗಾತ್ರ, ಕೂಗಿದರೆ ಗೆಜ್ಜೆ ಸುರಿದ ಹಾಗೆ. ಈ ವರ್ಷ ಅವು ಇನ್ನೂ ಬಂದಿಲ್ಲವಲ್ಲ ಎಂದು ನಿನ್ನೆಯಷ್ಟೇ ಅಂದುಕೊಂಡಿದ್ದೆ. ಹೋದ ವರ್ಷವೂ ಬರಲಿಲ್ಲ. ಹೊಂಡ ಕೆಟ್ಟಿದೆ ಎಂದುಕೊಂಡಿದ್ದೆ.

ಅವಳ ಮುಖ ನೋಡಿದೆ. ಅದರಲ್ಲಿ ತಮಾಷೆ ಇರಲಿಲ್ಲ. ಲೋರ್ನ್ ತಲೆ ತಗ್ಗಿಸಿ ಊಟ ಮಾಡುತ್ತಿದ್ದ.

ಏಪ್ರಿಲ್ 26, ಗುರುವಾರ

ಸಂಜೆ ಒಬ್ಬಳೇ ಹೊಂಡಕ್ಕೆ ಹೋದೆ. ಬೂಟು ಮುಳುಗುವಷ್ಟು ಕೆಸರು. ಕುಳಿತು ನೋಡಿದೆ. ನನ್ನ ಕಣ್ಣು ಚೆನ್ನಾಗಿದೆ, ಕಾಡಿನಲ್ಲಿ ನೆಲದಡಿಯ ಬೇರಿನ ತಿರುವನ್ನು ಮೇಲಿನಿಂದಲೇ ಹೇಳುವ ಕಣ್ಣು. ಒಂದು ಜೊಂಡಿನ ಕಡ್ಡಿಯ ಮೇಲೆ ಕಪ್ಪೆ ಕೂತಿತ್ತು, ಕಂದು ಬಣ್ಣದ್ದು. ನನ್ನಿಂದ ಒಂದು ಗಜವೂ ಇಲ್ಲ. ಗಂಟಲು ಸಾಬೂನಿನ ಗುಳ್ಳೆಯಂತೆ ಉಬ್ಬಿತು, ಇಳಿಯಿತು. ಮತ್ತೆ ಉಬ್ಬಿತು, ಇಳಿಯಿತು. ಪಕ್ಕದ ಕಡ್ಡಿಯ ಮೇಲೆ ಇನ್ನೊಂದು. ಅದೂ ಹಾಗೇ.

ಎಷ್ಟು ಹೊತ್ತು ನೋಡಿದೆನೋ. ಬೂಟಿನೊಳಗೆ ನೀರು ಬಂತು.

ಏಪ್ರಿಲ್ 27, ಶುಕ್ರವಾರ

ಬರೆಯಲು ಏನಿಲ್ಲ.

ಏಪ್ರಿಲ್ 29, ಭಾನುವಾರ

ಚರ್ಚು ಮುಗಿದ ಮೇಲೆ ವರ್ನನ್‌ನ ಮನೆಗೆ ನಡೆದೆ. ಯಾರಾದರೂ ನೋಡಲಿ ಎಂದು ರಸ್ತೆಯ ನಡುವೆಯೇ ನಡೆದೆ. ಅವನು ಅಡುಗೆಮನೆಯಲ್ಲಿ ಏಡಿ ಬುಟ್ಟಿಯ ಬಲೆ ಹೆಣೆಯುತ್ತಾ ಕೂತಿದ್ದ. ಎದ್ದು ಕುರ್ಚಿ ಒರೆಸಿದ. ನಾನು ಕೂರಲಿಲ್ಲ.

"ನಾಳೆ ಬೆಳಿಗ್ಗೆ ಏಳಕ್ಕೆ ಬಾ."

"ಕಲ್ಲು ಸಿಕ್ತಾ ಬ್ಯೂಲಮ್ಮ?"

"ಕಲ್ಲಿರಲಿಲ್ಲ."

"ಇರಲಿಲ್ಲ" ಎಂದ ಅವನು. "ಆ ಬೇರನ್ನ ನಾನೇ ಎರಡು ಸಲ ಉಜ್ಜಿದ್ದೆ."

"ಮತ್ತೆ ಅವತ್ತು ಯಾಕೆ ಬಾಯಿ ಬಿಡಲಿಲ್ಲ?"

ಅವನು ಬಲೆಯ ಸೂಜಿಯನ್ನು ಮೇಜಿನ ಮೇಲಿಟ್ಟ. "ಕಲ್ಲಿರಲಿಲ್ಲ ಅಂದ್ರೆ ಪಟ್ಟಿ ಟಿಕ್ ಅಂತ ಕೂಗಿತ್ತು ಅಂತಾಗುತ್ತೆ. ಪಟ್ಟಿ ಕೂಗಿತ್ತು ಅಂದ್ರೆ..." ಎಂದು ನಿಲ್ಲಿಸಿದ. ಆಮೇಲೆ ನನಗೆ ಕೇಳಿಸುವಂತೆ ಗಟ್ಟಿಯಾಗಿ, ಮುಖ ನನ್ನ ಕಡೆ ಮಾಡಿಕೊಂಡು ಹೇಳಿದ. ಈಗ ಯೋಚಿಸಿದರೆ, ಒಂದು ವರ್ಷದಿಂದ ಅವನು ನನ್ನ ಜೊತೆ ಮಾತಾಡುವುದು ಹಾಗೆಯೇ. "ಹೋದ ವರ್ಷ ಮಾರ್ಚಿನಲ್ಲಿ ಒಂದು ಪಟ್ಟಿ ಕೂಗ್ತಿತ್ತು. ನೀವು ಕೈ ಎತ್ತಲಿಲ್ಲ. ನಾನೇ ಓಡಿ ಹೋಗಿ ಗುಂಡಿ ಒತ್ತಿದೆ. ನಂಗೇ ಬೈದ್ರಿ, ನೆನಪಿದೆಯಾ? ಅವತ್ತಿಂದ ನಿಮ್ಮ ಬೆನ್ನ ಹಿಂದೆ ನಿಲ್ಲೋಕೆ ಶುರು ಮಾಡಿದೆ. ಕೂಗಿದಾಗ ಲೋರ್ನ್‌ಗೆ ಕಣ್ಣಲ್ಲಿ ಹೇಳ್ತಿದ್ದೆ. ಅವನು ಏನಾದ್ರೂ ನೆಪ ಹೇಳಿ ನಿಲ್ಲಿಸ್ತಿದ್ದ."

ಲೋರ್ನ್ ಎಷ್ಟೋ ಸಲ "ಬಾಯಾರಿಕೆ" ಎಂದು ಗರಗಸ ನಿಲ್ಲಿಸುತ್ತಿದ್ದ. ಸೋಮಾರಿ ಎಂದು ನಾನು ಬೈಯುತ್ತಿದ್ದೆ.

"ಅವತ್ತು ನಿನ್ನ ನಾನು ಹೊರಗೆ ಕಳಿಸಿದೆ."

"ಕಳಿಸಿದ್ರಿ."

"ಒಂದು ವರ್ಷ! ನನಗೆ ಒಬ್ಬರಾದರೂ ಹೇಳಬಾರದಿತ್ತಾ?"

"ನಿಮಗಾ?" ಎಂದ ವರ್ನನ್. ನಕ್ಕನೋ ಅತ್ತನೋ ತಿಳಿಯಲಿಲ್ಲ. "ಬ್ಯೂಲಮ್ಮ, ನಿಮಗೆ ಹೇಳೋರು ಯಾರು? ನಿಮ್ಮ ಟೋಪಿ ಸೊಟ್ಟ ಇದೆ ಅಂತ ಹೇಳೋಕೆ ಓಟಿಸಣ್ಣನೇ ಹೆದರ್ತಿದ್ರು."

ಆಗ ಕೂತೆ. ಚಹಾ ಕೊಟ್ಟ. ಊರಿಗೆಲ್ಲ ಅವನ ಹೆಸರು ಕೆಡಿಸಿದ್ದನ್ನು ನಾನೇ ಸರಿಮಾಡುತ್ತೇನೆ ಎಂದೆ. ಹೇಗೆ ಎಂದು ಕೇಳಿದ. ನಡೆದದ್ದು ಹೇಳಿದರಾಯಿತು ಎಂದೆ. ಬರುವ ದಾರಿಯಲ್ಲಿ ಅಂಚೆ ಕಚೇರಿಯ ಹೆಂಗಸು ಸಿಕ್ಕಳು. ಅವಳಿಗೇ ಮೊದಲು ಹೇಳಿದೆ. ಅವಳಿಗೆ ಹೇಳಿದರೆ ಎಲ್ಲರಿಗೂ ಹೇಳಿದಂತೆ.

ಏಪ್ರಿಲ್ 30, ಸೋಮವಾರ

ವರ್ನನ್ ಆರೂ ಮುಕ್ಕಾಲಿಗೇ ಬಂದ.

ಮಧ್ಯಾಹ್ನ ಊಟದಲ್ಲಿ ಲೋರ್ನ್‌ಗೆ ಹೇಳಿದೆ. "ಪಟ್ಟಿ ಕೂಗಿತ್ತು. ನನಗೆ ಕೇಳಿಸಲಿಲ್ಲ. ನಿನ್ನ ಬೆರಳು ಹೋದದ್ದು ನನ್ನಿಂದ." ಇಷ್ಟನ್ನೇ ಬಾಯಿಪಾಠ ಮಾಡಿಕೊಂಡು ಕೂತಿದ್ದೆ, ಇಷ್ಟನ್ನೇ ಹೇಳಿದೆ.

ಅವನು ಒಂದು ಕೈಯಲ್ಲಿ ಮಾಂಸ ಕತ್ತರಿಸಲು ಒದ್ದಾಡುತ್ತಿದ್ದ. "ಗೊತ್ತಮ್ಮ" ಎಂದ. ಆಮೇಲೆ, "ವರ್ನನ್ ಹೊರಗೆ ಹೋಗಿದ್ದು ನಾನೂ ನೋಡಿದ್ದೆ. ಇನ್ನೊಂದೇ ಮೊಣಕಾಲು ಅಂತ ನಿಲ್ಲಿಸಲಿಲ್ಲ. ನಿನ್ನ ಬೈಗುಳಕ್ಕೆ ಹೆದರಿದೆ."

ಅವನ ತಟ್ಟೆ ಎಳೆದುಕೊಂಡು ಮಾಂಸ ಕತ್ತರಿಸಿ ಕೊಟ್ಟೆ. ಬೇಡ ಎನ್ನಲಿಲ್ಲ.

ಮೇ 1, ಮಂಗಳವಾರ

ಗ್ಲೆಂಡಾ ಪಾತ್ರೆ ತೊಳೆಯುತ್ತಿದ್ದಳು. ನಾನು ಟವೆಲು ತೆಗೆದುಕೊಂಡು ಪಕ್ಕದಲ್ಲಿ ನಿಂತೆ. ಅವಳು ಹೆದರಿದಳು, ನಾನು ಪಾತ್ರೆ ಒರೆಸುವವಳಲ್ಲ.

"ಕ್ರೋವೆಲ್‌ನ ಗರಗಸ ಇನ್ನೂ ಇದೆಯಾ ಕೇಳು."

"ಇದೆ ಅತ್ತೆ. ಹೋದ ವಾರ ಕೇಳಿದ್ದೆ."

"ನನ್ನ ಕೇಳದೆ?"

"ಹೌದು, ನಿಮ್ಮ ಕೇಳದೆ."

ತಟ್ಟೆ ಒರೆಸಿಟ್ಟೆ. "ನೀನು ಬಾಲದಲ್ಲಿ ನಿಲ್ತೀಯಾ?"

ಅವಳು ಕೂಡಲೇ ಹೂಂ ಎನ್ನಲಿಲ್ಲ. ನೊರೆಯಿಂದ ಕೈ ತೆಗೆದು ಒರೆಸಿಕೊಂಡಳು. "ನಿಲ್ತೀನಿ. ಒಂದು ಮಾತು. ನಾನು ಕೈ ಎತ್ತಿದಾಗ ನೀವು ಎದುರಿಗೆ ನಿಂತು ಕಣ್ಣು ಬಿಟ್ರೆ ನನ್ನ ಕೈ ಕೆಳಗಿಳಿಯುತ್ತೆ ಅತ್ತೆ. ಅವತ್ತು ಕ್ರೋವೆಲ್ ತಾತನ ಶೆಡ್ಡಲ್ಲಿ ಇಳೀತಲ್ಲ, ಹಾಗೆ. ಮರದ ಹತ್ರ ಇರೋದು ನನ್ನ ಗಂಡನ ಕೈ. ನಾನು ಕೈ ಇಳಿಸೋಕಾಗಲ್ಲ."

ಒಂಬತ್ತು ವರ್ಷದಲ್ಲಿ ಅವಳು ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು. ಅಥವಾ ಮಾತಾಡಿದ್ದಾಳೋ, ನನಗೆ ಕೇಳಿಸಿಲ್ಲವೋ.

"ಯೋಚಿಸ್ತೀನಿ" ಎಂದೆ.

ಮೇ 8, ಮಂಗಳವಾರ

ಗರಗಸ ಬಂತು. ಕ್ರೋವೆಲ್ ತಾನೇ ಲಾರಿಯ ಜೊತೆ ಬಂದಿದ್ದ, ನಂಬಿಕೆಯಿಲ್ಲದ ಮುದುಕ. ಮಾರಾಟದ ಕಾಗದದಲ್ಲಿ ಕೊಳ್ಳುವವರ ಹೆಸರು ಗ್ಲೆಂಡಾ ನಿಕಲ್ ಎಂದು ಬರೆಸಿದೆ. ಅವನು ನನ್ನನ್ನು ನೋಡಿ ಟೋಪಿ ತೆಗೆದ. ಗೇಲಿಗೆ ತೆಗೆದದ್ದಲ್ಲ.

ಒಳಗೆ ತರುವಾಗ ಲಾರಿಯ ಹುಡುಗರು ಅವಸರದಲ್ಲಿ ಅದನ್ನು ಎಡಕ್ಕೆ ತಿರುಗಿಸಿಬಿಟ್ಟರು. ನಮ್ಮಲ್ಲಿ ದೋಣಿಯಾಗಲಿ, ದೋಣಿಯ ಸಾಮಾನಾಗಲಿ ಸೂರ್ಯ ಹೋಗುವ ದಿಕ್ಕಿಗೇ, ಅಂದರೆ ಬಲಕ್ಕೇ, ತಿರುಗಬೇಕು. ವರ್ನನ್ ಕೂಗಿಕೊಂಡ. ಎಲ್ಲರೂ ನನ್ನ ಮುಖ ನೋಡಿದರು.

"ಏನು ನೋಡ್ತೀರಾ? ಹೊರಗೆ ತಗೊಂಡು ಹೋಗಿ ಸರಿಯಾಗಿ ತನ್ನಿ" ಎಂದೆ.

"ಬೇರು ಅಗೆಯೋರಿಗೆ ಹುಚ್ಚು" ಎಂದ ಕ್ರೋವೆಲ್, ಆದರೂ ಒಂದು ಮೂಲೆಗೆ ಕೈ ಕೊಟ್ಟ. ಹೋಗುವಾಗ ಕೊಕ್ಕೆಯ ಡಬ್ಬವನ್ನು ಬೆಂಚಿನ ಮೇಲೆ ಬಿಟ್ಟು ಹೋಗಿದ್ದಾನೆ. ಬಾಗಿಲು ಬಡಿಯದಂತೆ ಅದನ್ನು ಅಡ್ಡ ಇಟ್ಟಿದ್ದೇನೆ.

ಮೇ 12, ಶನಿವಾರ

ಇಂದು ಮೊದಲ ಮೊಣಕಾಲು ಸೀಳಿದೆವು.

ಗರಗಸ ನಿಲ್ಲಿಸುವ ಗುಂಡಿ ಮೊದಲು ಮರ ದೂಡುವವನ ಕೈಗೆ ಸಿಗುವ ಕಡೆ ಇತ್ತು. ನಿನ್ನೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅದನ್ನು ಎದುರು ಕಂಬಕ್ಕೆ ಹಾಕಿಸಿದೆ. ಅಲ್ಲಿಂದ ಬಾಲ ಪೂರ್ತಿ ಕಾಣುತ್ತದೆ. ಯಾಕೆ ಎಂದು ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ಗ್ಲೆಂಡಾ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ಬಾಲದಲ್ಲಿ ನಿಂತಳು. ಲೋರ್ನ್ ಬೇರಿನ ತುಂಡನ್ನು ಮೇಜಿನ ಮೇಲಿಟ್ಟ. ಅವನ ಎಡಗೈ ಮರದ ಮೇಲೆ ಹೊಸದಾಗಿ ಜಾಗ ಹುಡುಕುತ್ತಿತ್ತು. ವರ್ನನ್ ಹೊಂದಿಸಿ ಕೊಟ್ಟ. ನಾನು ಕಂಬದ ಬಳಿ ಹೋಗಿ ಗುಂಡಿಯ ಮೇಲೆ ಹೆಬ್ಬೆಟ್ಟು ಇಟ್ಟೆ. ಗ್ಲೆಂಡಾ ನನ್ನನ್ನು ನೋಡಿದಳು. ನಾನು ಅವತ್ತಿನ ಹಾಗೆ ಕಣ್ಣು ಬಿಡಲಿಲ್ಲ. ಅವಳ ಮುಖ ಬಿಟ್ಟು ಬಲಗೈಯನ್ನಷ್ಟೇ ನೋಡುತ್ತಾ ನಿಂತೆ.

ಒಂದು ಸೀಳಿದೆವು. ಎರಡು. ಮೂರು. ಒಳ್ಳೆಯ ಗರಗಸ, ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ನಾಲ್ಕನೆಯದು ನಾನೇ ಜನವರಿಯಲ್ಲಿ ಕಾಡಿನಲ್ಲಿ ಆರಿಸಿದ್ದು, ವರ್ಷಕ್ಕೊಂದು ಸಿಗುವಂಥ ತಿರುವು. ಅರ್ಧ ಹೋಗಿತ್ತು. ಅಲ್ಲಿ ನಿಲ್ಲಿಸಿದರೆ ಗೆರೆ ಕೆಡುತ್ತದೆ ಎಂದು ನನಗೆ ಗೊತ್ತು. ಅವಳಿಗೂ ಗೊತ್ತು.

ಅವಳ ಕೈ ಮೇಲೆದ್ದಿತು.

ಯಾಕೆ ಎಂದು ಕೇಳಲಿಲ್ಲ. ಗುಂಡಿ ಒತ್ತಿದೆ.